ನೀರು ಕೊಡದ ಒಂಬತ್ತು ದಿನ

ಯಾರಾದರೂ ಬುದ್ಧಿ ಹೇಳಲು ಬಂದರೆ ನನಗೆ ಮೈ ಉರಿಯುತ್ತದೆ. ಚಿಕ್ಕಂದಿನಿಂದಲೂ ಹೀಗೇ. ಇದರಿಂದ ಲಾಭವಾಗಿಲ್ಲ ಅಂತಲ್ಲ. ಇಪ್ಪತ್ತು ವರ್ಷದ ಮೇಲಾಯಿತು ರೇಷ್ಮೆ ಹುಳ ಸಾಕುತ್ತಿದ್ದೇನೆ. ಊರವರ ಮಾತು ಕೇಳಿದ್ದರೆ ಎರಡನೇ ವರ್ಷಕ್ಕೇ ಬಿಟ್ಟು ಕೂತಿರುತ್ತಿದ್ದೆ. ಆದರೆ ಇದೇ ಗುಣ ಹೋದ ಚಳಿಗಾಲದಲ್ಲಿ ಒಂದು ಮೂಕಪ್ರಾಣಿಯ ಜೀವಕ್ಕೆ ಬಂತು. ಅದನ್ನು ಬರೆಯುತ್ತಿದ್ದೇನೆ.

ಆ ಪ್ರಾಣಿ ನನ್ನದಲ್ಲ, ನಾದಿನಿಯದು. ನನ್ನ ಗಂಡನ ಒಬ್ಬಳೇ ತಂಗಿ, ಮಾಲೂರಿಗೆ ಕೊಟ್ಟಿದ್ದೇವೆ. ಅವಳು ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದಾಗ ಜೊತೆಯಲ್ಲಿದ್ದ ಹುಡುಗಿ ಬೆರಳುದ್ದದ ಮರಿಯೊಂದನ್ನು ಕೊಟ್ಟಳಂತೆ. ಬಿಯರ್ಡೆಡ್ ಡ್ರ್ಯಾಗನ್ ಅಂತ ಹೆಸರು, ಆಸ್ಟ್ರೇಲಿಯಾ ಕಡೆಯದು. ನಮ್ಮ ಬೇಲಿಯ ಓತಿಕ್ಯಾತವನ್ನೇ ಹಿಡಿದು ರೊಟ್ಟಿಯ ಹಾಗೆ ಅಗಲಕ್ಕೆ ತಟ್ಟಿದರೆ ಹೇಗಿರುತ್ತದೋ ಹಾಗಿತ್ತು. ಗಂಟಲ ಕೆಳಗೆ ಮುಳ್ಳುಮುಳ್ಳಾದ ಚರ್ಮ. ಸಿಟ್ಟು ಬಂದರೆ ಅದನ್ನು ಉಬ್ಬಿಸಿ ಕಪ್ಪು ಮಾಡಿಕೊಂಡು, ಗಡ್ಡ ಬಿಟ್ಟ ಸಾಹುಕಾರನ ಥರ ನೋಡುತ್ತಿತ್ತು. ನಾದಿನಿಗೆ ಮಗುವಾದಾಗ ಅವಳ ಅತ್ತೆಮನೆಯಲ್ಲಿ ಎಳೆಗೂಸಿನ ಹತ್ತಿರ ಇದು ಬೇಡವೇ ಬೇಡ ಅಂದರು. ನಿಮ್ಮ ಮನೆಯಲ್ಲಿ ಹುಳವಿದೆ, ಅದಕ್ಕೆ ಊಟಕ್ಕೆ ತೊಂದರೆಯಿಲ್ಲ ಅಂತ ತಂದು ನನ್ನ ಕೈಗಿಟ್ಟು, ಬಸ್ ಹತ್ತುವವರೆಗೂ ಅತ್ತಳು.

ನಮ್ಮದು ಶ್ರೀನಿವಾಸಪುರದ ಪಕ್ಕದ ಹಳ್ಳಿ. ಊರಿನಲ್ಲಿ ಅರ್ಧ ಜನ ಅದನ್ನು ಓತಿಕ್ಯಾತ ಅಂದರು, ಅರ್ಧ ಜನ ತೆಲುಗಿನಲ್ಲಿ ತೊಂಡ ಅಂದರು, ಎಲ್ಲರೂ ನಕ್ಕರು. ನಗದೆ ಏನು ಮಾಡುತ್ತಾರೆ? ರೇಷ್ಮೆ ಸಾಕುವವರಿಗೆ ಇರುವೆ, ಇಲಿ, ಹಲ್ಲಿ, ಓತಿಕ್ಯಾತ ಇವೇ ಶತ್ರುಗಳು. ಹುಳದ ಮನೆಗೆ ಒಂದು ಹಲ್ಲಿ ನುಗ್ಗಿದರೆ ಪೊರಕೆ ಹಿಡಿದು ಬೆಳಗಿನವರೆಗೂ ಹುಡುಕುವವಳು ನಾನು. ಅಂಥವಳು ದಿನಾ ಹತ್ತು ಹುಳ ಎಣಿಸಿ ತಂದು ಇದಕ್ಕೆ ತಿನ್ನಿಸುತ್ತಿದ್ದೆ. ಮೊದಮೊದಲು ನಾದಿನಿಯ ಮುಖ ನೋಡಿ ಮಾಡಿದೆ. ಆಮೇಲೆ ಯಾವಾಗ ಅದರ ಮೇಲೆ ಜೀವ ಇಟ್ಟೆನೋ ಗೊತ್ತಿಲ್ಲ. ಬೆಳಿಗ್ಗೆ ನಾನು ಜಗಲಿಯ ಕಲ್ಲಿನ ಮೇಲೆ ಬಿಸಿಲಿಗೆ ಬಿಟ್ಟರೆ, ಸೊಪ್ಪು ಕೊಯ್ದು ಬರುವವರೆಗೂ ಅಲ್ಲೇ ಕೂತಿರುತ್ತಿತ್ತು. ಸೊಪ್ಪಿನ ಹೊರೆ ಇಳಿಸಿದ ಸದ್ದಾದರೆ ತಲೆ ಎತ್ತುತ್ತಿತ್ತು.

ವರ್ಷಕ್ಕೆ ಒಂದೆರಡು ಸಲ ಅದು ಪೊರೆ ಬಿಡುತ್ತಿತ್ತು. ಆಗ ಮೂರು ನಾಲ್ಕು ದಿನ ಮಂಕಾಗಿ ಕೂತು ಏನೂ ತಿನ್ನುತ್ತಿರಲಿಲ್ಲ. ಇದು ನನಗೆ ಹೊಸದಲ್ಲ. ರೇಷ್ಮೆ ಹುಳವೂ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಲೆ ಎತ್ತಿ ಅಲ್ಲಾಡದೆ ನಿಂತುಬಿಡುತ್ತದೆ, ಸೊಪ್ಪು ಮುಟ್ಟುವುದಿಲ್ಲ. ನಾವೂ ಮುಟ್ಟಬಾರದು. ಸೊಪ್ಪು ಹಾಕಬಾರದು, ತೇವ ತಗುಲಿಸಬಾರದು, ಸುಣ್ಣದ ಪುಡಿ ಚೆಲ್ಲಿ ಹಾಸಿಗೆ ಒಣಗಿಸಿ, ಗಾಳಿಯಾಡಲು ಬಿಡಬೇಕು. ಆಗ ತೇವವಾದರೆ ರೋಗ ಹತ್ತಿ ಇಡೀ ಬೆಳೆ ಹೋಗುತ್ತದೆ. ಇದನ್ನು ನನಗೆ ಯಾರೂ ಪುಸ್ತಕ ಓದಿಸಿ ಕಲಿಸಿಲ್ಲ, ಬೆಳೆ ಕಳೆದುಕೊಂಡು ಕಲಿತಿದ್ದೇನೆ. ಹಾಗಾಗಿ ಈ ಪ್ರಾಣಿ ಪೊರೆ ಬಿಡುವಾಗಲೂ ಅದನ್ನೇ ಮಾಡಿದೆ. ನೀರಿನ ಬಟ್ಟಲು ತೆಗೆದು, ಒಣ ಪೇಪರ್ ಹಾಸಿ, ಯಾರೂ ಮುಟ್ಟದ ಹಾಗೆ ಒಂದು ಮೂಲೆಯಲ್ಲಿಟ್ಟೆ. ಬೆಚ್ಚನೆ ನೀರಿನಲ್ಲಿ ಕೂರಿಸಿ ಅಂತ ನಾದಿನಿ ಹೇಳಿದ್ದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕು ದಿನಕ್ಕೆ ಪೊರೆ ಬಿಟ್ಟು ಹುಳ ತಿನ್ನಲು ಬರುತ್ತಿತ್ತು. ಮೂರು ವರ್ಷ ಹೀಗೇ ನಡೆದಿದ್ದರಿಂದ ನನ್ನ ಕೊಂಬು ಇನ್ನಷ್ಟು ಬೆಳೆಯಿತು.

ಹೋದ ಚಳಿಗಾಲಕ್ಕೆ ಅದಕ್ಕೆ ಎಂಟು ವರ್ಷವೇನೋ ತುಂಬಿತ್ತು. ಹಿಂದಿನ ಕಾಲು ಸ್ವಲ್ಪ ಎಳೆದು ನಡೆಯುತ್ತಿತ್ತು, ಕಲ್ಲಿನ ಮೇಲೆ ಹತ್ತಲು ನಾನೇ ಕೈ ಕೊಡಬೇಕಾಗಿತ್ತು. ಒಂದು ಬೆಳೆ ಮುಗಿದು, ಹುಳದ ಮನೆಯನ್ನು ಬ್ಲೀಚಿಂಗ್ ಹಾಕಿ ತೊಳೆಯುತ್ತಿದ್ದ ದಿನಗಳವು. ಹುಳ ಇಲ್ಲದಾಗ ಹಿಪ್ಪುನೇರಳೆ ಸೊಪ್ಪು, ಕುಂಬಳಕಾಯಿ ಚೂರು ತಿನ್ನುತ್ತಿದ್ದ ಪ್ರಾಣಿ ಎರಡನ್ನೂ ಬಿಟ್ಟಿತು. ಮೈ ಬಣ್ಣ ಮಂಕಾಯಿತು. ಪೊರೆ ಬಿಡುತ್ತದೆ ಅಂದುಕೊಂಡು ಬಟ್ಟಲು ತೆಗೆದೆ. ನಾಲ್ಕು ದಿನವಾಯಿತು, ಐದಾಯಿತು. ವಯಸ್ಸಾಗಿದೆ, ನಿಧಾನ ಅಂದುಕೊಂಡೆ. ಆರನೇ ದಿನ ನಾದಿನಿ ಫೋನ್ ಮಾಡಿದವಳು ಇದನ್ನು ಕೇಳಿ, ಪೊರೆಯಲ್ಲದೆ ಬೇರೆ ಏನಾದರೂ ಇರಬಹುದು, ನೀರು ಕೊಡಿ, ಡಾಕ್ಟರಿಗೆ ತೋರಿಸಿ ಅಂದಳು. ನನಗೆ ಎಲ್ಲಿತ್ತೋ ಸಿಟ್ಟು. ಲಕ್ಷಗಟ್ಟಲೆ ಹುಳದ ಪೊರೆ ನೋಡಿದವಳು ನಾನು, ನೀನು ಮಾಲೂರಲ್ಲಿ ಕೂತು ನನಗೆ ಪಾಠ ಹೇಳಬೇಡ ಅಂದುಬಿಟ್ಟೆ. ಅವಳು ಸರಿ ಅತ್ತಿಗೆ ಅಂತ ಫೋನ್ ಇಟ್ಟಳು.

ಒಂಬತ್ತನೇ ದಿನ ಪೇಪರ್ ಬದಲಾಯಿಸಲು ಎತ್ತಿದೆ. ಒಣಗಿದ ಬಾಳೆಪಟ್ಟೆಯಷ್ಟೂ ಭಾರವಿರಲಿಲ್ಲ. ಕಣ್ಣು ಗುಳಿ ಬಿದ್ದಿತ್ತು. ಪಕ್ಕೆಯ ಚರ್ಮ ಹಿಡಿದು ಬಿಟ್ಟರೆ ಹಿಡಿದ ಹಾಗೇ ನಿಂತಿತು, ಕೆಳಗಿಳಿಯಲಿಲ್ಲ. ಗೂಡು ತುಂಬುವ ಬುಟ್ಟಿಯಲ್ಲಿ ಟವೆಲ್ ಹಾಸಿ ಮಲಗಿಸಿಕೊಂಡು ಕೋಲಾರದ ಬಸ್ ಹತ್ತಿದೆ.

ಅಲ್ಲಿನ ಪಶುವೈದ್ಯರು ದಿನವಿಡೀ ಹಸು, ಕುರಿ ನೋಡುವವರು. ಇಂಥದ್ದನ್ನು ಮುಟ್ಟಿದವನಲ್ಲಮ್ಮ ಅಂತ ನೇರವಾಗಿ ಹೇಳಿದರು. ಆದರೆ ಅಟ್ಟಿ ಕಳಿಸಲಿಲ್ಲ. ಬೆಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನೇ ನೋಡುವ ಸ್ನೇಹಿತರೊಬ್ಬರಿಗೆ ವಿಡಿಯೋ ಕಾಲ್ ಮಾಡಿ, ಅವರು ಹೇಳಿದ ಹಾಗೆ ಚರ್ಮದ ಕೆಳಗೆ ಸ್ವಲ್ಪ ಸ್ವಲ್ಪವೇ ಸಲೈನ್ ಕೊಟ್ಟರು. ಕಿಡ್ನಿ ಸೋತಿದೆ, ವಯಸ್ಸಾದ ಮೇಲೆ ಇದು ಬರುವಂಥದ್ದೇ ಅಂದರು. ಆಮೇಲೆ ಸೂಜಿ ತೆಗೆಯುತ್ತಾ ಕೇಳಿದರು, "ನೀರು ಕೊಡ್ತಿದ್ರಾ?"

"ಇಲ್ಲ," ಅಂದೆ.

ಅವರು ಬೈಯಲಿಲ್ಲ. ನೀರಿದ್ದಿದ್ದರೆ ಇನ್ನೂ ಕೆಲವು ತಿಂಗಳು ತಳ್ಳುತ್ತಿತ್ತೇನೋ, ಈಗ ಎಷ್ಟು ದಿನ ಅಂತ ಹೇಳಲಾಗದು ಅಂದರು. ಬೈದಿದ್ದರೆ ವಾಸಿಯಿತ್ತು, ನಾನೂ ಒಂದೆರಡು ಮಾತು ಬೈದು ಹಗುರಾಗುತ್ತಿದ್ದೆ.

ಅವತ್ತಿನಿಂದ ನನಗೆ ಅದೇ ಕೆಲಸ. ಬೆಳಿಗ್ಗೆ ಸಂಜೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಚ್ಚನೆ ನೀರು ಹಾಕಿ ಕಾಲು ಗಂಟೆ ಕೂರಿಸುವುದು. ಎರಡೆರಡು ಗಂಟೆಗೊಮ್ಮೆ ಸೂಜಿಯಿಲ್ಲದ ಸಿರಿಂಜಿನಿಂದ ತುಟಿಯ ಅಂಚಿಗೆ ಒಂದು ಹನಿ ತಗುಲಿಸುವುದು. ಬಲವಂತ ಮಾಡಿದರೆ ಬಾಯಿ ಬಿಗಿಯುತ್ತಿತ್ತು. ಎಡಗೈಯಲ್ಲಿ ಎದೆ ಆನಿಸಿ ಹಿಡಿದು, ಹನಿ ತಾನೇ ಒಳಗೆ ಜಾರುವವರೆಗೂ ಕಾದರೆ ನಾಲಗೆ ಚಾಚುತ್ತಿತ್ತು. ನಾಲ್ಕನೇ ದಿನ ಎಂಟು ಹನಿ ಕುಡಿಯಿತು. ಅಷ್ಟರಲ್ಲಿ ಹೊಸ ಬೆಳೆಯ ಮರಿಹುಳ ಬಂದಿದ್ದವು, ಎರಡನ್ನು ಹಿಸುಕಿ ನೆಕ್ಕಿಸಿದೆ. ನನಗಾದ ಸಂತೋಷ ಹೇಳತೀರದು. ಆದರೆ ನಾದಿನಿ ಫೋನ್ ಮಾಡಿದಾಗಲೆಲ್ಲ ಪೊರೆ ಬಿಟ್ಟಿತು, ಚೆನ್ನಾಗಿದೆ ಅಂತಲೇ ಸುಳ್ಳು ಹೇಳಿದೆ. ಅವಳು ಹೇಳಿದ್ದು ಸರಿ, ನಾನು ಮಾಡಿದ್ದು ತಪ್ಪು ಅನ್ನಲು ಬಾಯಿ ಬರಲಿಲ್ಲ.

ಭಾನುವಾರ ಅವಳೇ ಬಂದಳು. ಬಂದವಳು ಜಗಲಿಯಲ್ಲಿ ಕೂತು ಅದನ್ನು ತೊಡೆಯ ಮೇಲೆ ಹಾಕಿಕೊಂಡು ಸೊಂಟದ ಮೂಳೆ ಸವರಿದಳು. ಯಾಕತ್ತಿಗೆ ಇಷ್ಟು ಹಗುರ ಅಂತ ಕೇಳಿದಳು. ವಯಸ್ಸಾಯಿತಲ್ಲ ಅಂದಿದ್ದರೆ ಮುಗಿಯುತ್ತಿತ್ತು, ಡಾಕ್ಟರೂ ಅದನ್ನೇ ಹೇಳಿದ್ದರು. ನಾಲಗೆ ತುದಿಯವರೆಗೆ ಬಂದಿತ್ತು. ಅವಳು ಅದರ ಗಡ್ಡದ ಕೆಳಗೆ ಬೆರಳಾಡಿಸುತ್ತಿದ್ದುದನ್ನು ನೋಡಿ ಹಾಗನ್ನಲು ಆಗಲಿಲ್ಲ.

"ಒಂಬತ್ತು ದಿನ ನಾನು ಇದಕ್ಕೆ ನೀರು ಕೊಡಲಿಲ್ಲ ಕಣಮ್ಮ. ಬಟ್ಟಲನ್ನೂ ತೆಗೆದಿಟ್ಟಿದ್ದೆ."

ಅವಳು ತಲೆ ಎತ್ತಲಿಲ್ಲ. "ನಾನು ಫೋನಲ್ಲಿ ಹೇಳಿದ್ನಲ್ಲ ಅತ್ತಿಗೆ."

"ಹೇಳಿದ್ದೆ. ನಾನೇ ಕೇಳಲಿಲ್ಲ."

ಅವಳು ಕೂಗಾಡಲಿಲ್ಲ. ಊಟ ಮಾಡಿದಳು, ಅಣ್ಣನ ಜೊತೆ ಮಾತಾಡಿದಳು, ಹುಳ ಎಷ್ಟನೇ ಪೊರೆಯಲ್ಲಿದೆ ಅಂತ ವಿಚಾರಿಸಿದಳು. ಹೊರಡುವಾಗ ಬುಟ್ಟಿ ತೆಗೆದುಕೊಂಡು ಪ್ರಾಣಿಯನ್ನು ಅದರಲ್ಲಿ ಮಲಗಿಸಿದಳು. ಮಗು ಈಗ ಸ್ಕೂಲಿಗೆ ಹೋಗುತ್ತದೆ, ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ, ನನ್ನ ಹತ್ತಿರವೇ ಇರಲಿ ಅಂದಳು. ಸಿರಿಂಜು ಕೊಟ್ಟೆ. ಒಂದು ಡಬ್ಬಿಯಲ್ಲಿ ಸೊಪ್ಪು, ಹುಳ ಹಾಕಿಕೊಟ್ಟೆ. ನೀರು ಹೇಗೆ ಕೊಡಬೇಕೆಂದು ಹೇಳಲು ಹೋದರೆ, ಗೊತ್ತು ಅಂದಳು. ಅವಳ ಬಸ್ ಹೋದ ಮೇಲೆ ಮನೆಗೆ ಬಂದು, ಅದು ಮಲಗುತ್ತಿದ್ದ ಪೆಟ್ಟಿಗೆಯಿಂದ ಪೇಪರ್ ತೆಗೆದು ಮಡಿಸಿಟ್ಟೆ. ಎರಡು ವಾರ ಅವಳು ನನಗೆ ಫೋನ್ ಮಾಡಲಿಲ್ಲ. ನನಗೂ ಮಾಡುವ ಮುಖವಿರಲಿಲ್ಲ. ಅಣ್ಣನಿಗೆ ಕರೆ ಮಾಡಿದಾಗ, ಇನ್ನೂ ಇದೆ, ಸ್ವಲ್ಪ ಸ್ವಲ್ಪ ಕುಡಿಯುತ್ತದೆ ಅಂದಳಂತೆ, ಅಷ್ಟೇ.

ಆಮೇಲೆ ಒಂದು ಬೆಳಿಗ್ಗೆ ನನಗೇ ಫೋನ್ ಬಂತು. ಎರಡು ದಿನದಿಂದ ಬಾಯಿ ಬಿಡುತ್ತಿಲ್ಲ, ನೀವು ಹೇಗೆ ಕೊಡುತ್ತಿದ್ದಿರಿ ಅಂತ ಕೇಳಿದಳು. ಹೇಳಿದೆ. ಫೋನನ್ನು ಪಕ್ಕಕ್ಕಿಟ್ಟು ಪ್ರಯತ್ನ ಮಾಡಿದಳು. ನನಗೆ ಅವಳ ಉಸಿರು ಮಾತ್ರ ಕೇಳಿಸುತ್ತಿತ್ತು. "ಆಗ್ತಿಲ್ಲ ಅತ್ತಿಗೆ," ಅಂದಳು. ನಾನು ಬರ್ತೀನಿ ಅಂದೆ.

ಅವತ್ತು ನಮ್ಮ ಹುಳ ಹಣ್ಣಾಗಿತ್ತು. ಇಪ್ಪತ್ತೈದು ದಿನದ ಕಷ್ಟವೆಲ್ಲ ಅದೊಂದು ದಿನಕ್ಕೆ ಬಂದು ನಿಲ್ಲುತ್ತದೆ. ಹುಳ ಮೈಯೆಲ್ಲ ಹಳದಿಯಾಗಿ ತಿನ್ನುವುದು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುತ್ತದೆ. ಒಂದೊಂದನ್ನೇ ಕೈಯಿಂದ ಆರಿಸಿ, ಗೂಡು ಕಟ್ಟುವ ಬಿದಿರ ತಟ್ಟಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಸುತ್ತಿ ಗೂಡು ಹಾಳಾಗುತ್ತದೆ. ಮನೆಯಲ್ಲಿ ಮದುವೆಯಿದ್ದರೂ ಆ ದಿನ ಹೆಂಗಸರು ಹುಳ ಬಿಟ್ಟು ಏಳುವುದಿಲ್ಲ. ನಾನು ಸೀರೆ ಬದಲಿಸಿದ್ದನ್ನು ನೋಡಿ ಗಂಡ, ಇವತ್ತು ಹೋಗ್ತೀಯಾ ಅಂತ ಕೇಳಿದರು. ಹೂಂ ಅಂದೆ. ಅವರು ಆಳುಗಳನ್ನು ಕರೆಯಲು ಹೊರಟರು.

ಕೋಲಾರದಲ್ಲಿ ಬಸ್ ಬದಲಿಸಿ ಮಾಲೂರು ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ನಾದಿನಿ ಬಾಗಿಲು ತೆಗೆದವಳು ಒಳಗೆ ಬನ್ನಿ ಅನ್ನಲಿಲ್ಲ. ನಮ್ಮ ಮನೆಯಲ್ಲೇ ಹುಟ್ಟಿ, ನಮ್ಮ ಹುಳದ ನಡುವೆ ಬೆಳೆದವಳು. ದಿನ ಎಣಿಸಿದ್ದಳು ಅಂತ ಕಾಣುತ್ತದೆ.

"ಹಣ್ಣು ಹುಳ ಬಿಟ್ಟು ಬಂದ್ರಾ ಅತ್ತಿಗೆ?"

"ಬಂದೆ."

ಅವಳು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಕಿಟಕಿಯ ಬಿಸಿಲಿನಲ್ಲಿ ಟವೆಲ್ ಮೇಲೆ ಮಲಗಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಗಡ್ಡ ಕಪ್ಪಾಗಿತ್ತು, ಸಿಟ್ಟಿನಿಂದಲ್ಲ. ಅದನ್ನು ಅವಳ ತೊಡೆಯ ಮೇಲಿಟ್ಟು, ಅದರ ಎದೆಯ ಕೆಳಗೆ ನನ್ನ ಎಡಗೈ ಕೊಟ್ಟು, ಸಿರಿಂಜನ್ನು ಅವಳ ಕೈಗೇ ಕೊಟ್ಟೆ. ಅವಳ ಮಣಿಕಟ್ಟು ಹಿಡಿದುಕೊಂಡೆ. ತುಟಿಯ ಅಂಚಿಗೆ ಒಂದು ಹನಿ ನಿಂತಿತು. ಇಬ್ಬರೂ ಕಾದೆವು. ನಾಲಗೆ ಸ್ವಲ್ಪ ಹೊರಗೆ ಬಂತು. ಇನ್ನೊಂದು ಹನಿಯೂ ಒಳಗೆ ಹೋಯಿತು. ಮೂರನೆಯದು ಗಡ್ಡದ ಮೇಲೆ ಹರಿದು ಟವೆಲಿಗೆ ಬಿತ್ತು. ನನ್ನ ಅಂಗೈಗೆ ತಗುಲುತ್ತಿದ್ದ ಉಸಿರು ಒಂದೊಂದಾಗಿ ದೂರವಾಗಿ, ಮಗು ಸ್ಕೂಲಿನಿಂದ ಬರುವುದಕ್ಕೆ ಮುಂಚೆಯೇ ನಿಂತಿತು.

ಆಮೇಲೆ ಅವಳು ದುಪಟ್ಟಾದ ತುದಿಯಿಂದ ಅದರ ಗಡ್ಡದ ಮೇಲಿದ್ದ ತೇವ ಒರೆಸಿದಳು.

"ನೀರು ಕುಡಿದೇ ಹೋಯ್ತು ಅತ್ತಿಗೆ," ಅಂದಳು.

ಆಗ ನನಗೆ ಅಳು ತಡೆಯಲಾಗಲಿಲ್ಲ.