ನಾನು ಯಾರಿಗೂ ಕಾಣದೇ ಹೋದದ್ದು

ನಾನು ಬದುಕಿರುವಾಗಲೇ ಅದೃಶ್ಯನಾದೆ. ಪುರಾಣದ ರಾಕ್ಷಸರು ಈ ವರಕ್ಕಾಗಿ ಒಂಟಿಗಾಲಲ್ಲಿ ನಿಂತು ತಪಸ್ಸು ಮಾಡುತ್ತಿದ್ದರಂತೆ. ನನಗದು ಪುಣೆ ಬದಿಯ ನಿಗಡಿಯ ಫ್ಲ್ಯಾಟಿನಲ್ಲಿ, ಸೋಫಾದ ಮೇಲೆ ಕುಳಿತಲ್ಲೇ, ಬೇಡದೆಯೇ ಒದಗಿ ಬಂತು.

ಧಾರವಾಡದವನಾದ ನಾನು ಪುಣೆಯ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ, ನಟ್ಟು ಬೋಲ್ಟುಗಳ ಸಹವಾಸದಲ್ಲಿ ತಲೆ ಬೆಳ್ಳಗಾಗಿಸಿಕೊಂಡು ನಿವೃತ್ತನಾದವನು. ಬೆಳಗಿನ ತಿರುಗಾಟದಲ್ಲಿ ಕಂಡ ಹೂವು, ಕಾಗೆ, ಕೆಟ್ಟು ನಿಂತ ಬಸ್ಸು ಇತ್ಯಾದಿಗಳ ಫೋಟೋ ತೆಗೆದು, ಕೆಳಗೆ ಎರಡು ಸಾಲು ಬರೆದು, ಫೋನಿನಲ್ಲಿ ಲೋಕಾರ್ಪಣೆ ಮಾಡುವುದು ನನ್ನ ಚಟ. ಲೋಕವೆಂದರೆ ಬೀಗರು, ಹಳೆಯ ಸಹಪಾಠಿಗಳು ಮತ್ತು ಬೇರೆ ಕೆಲಸವಿಲ್ಲದ ಕೆಲವರು. ಅವರು ಹೃದಯದ ಚಿಹ್ನೆ ಒತ್ತುತ್ತಿದ್ದರು, ನಾನು ನನ್ನನ್ನು ಕವಿಯೆಂದು ತಿಳಿಯುತ್ತಿದ್ದೆ. ಇದರಿಂದ ಯಾರಿಗೂ ನಷ್ಟವಿರಲಿಲ್ಲ.

ಇದ್ದಕ್ಕಿದ್ದಂತೆ ಹೃದಯಗಳು ನಿಂತವು. ಮೊದಲು ನೆಟ್‌ವರ್ಕನ್ನು ಶಂಕಿಸಿದೆ, ಆಮೇಲೆ ಗೆಳೆಯರನ್ನು. ನನ್ನ ಬರವಣಿಗೆಯನ್ನು ಶಂಕಿಸಬಹುದೆಂದು ಹೊಳೆಯಲಿಲ್ಲ. ಬರೆಯುವವರಿಗೆ ಅದು ಹೊಳೆಯುವ ರೂಢಿಯಿಲ್ಲ. ಹೆಂಡತಿ ವಿದ್ಯಾಳನ್ನು ಕೇಳಿದೆ, "ನಿನಗರ ನಾ ಕಾಣ್ತೀನೋ ಇಲ್ಲೋ?"

"ಇಡೀ ದಿನಾ ಮನ್ಯಾಗ ಕಾಣ್ತೀರಲ್ರೀ, ಸಾಲದೇನು?" ಎಂದಳು.

ಹಳೆಯ ಆಫೀಸಿನವರೊಬ್ಬರು ಧನಕವಡಿಯ ಸಂಕೇತ್ ಎಂಬ ತಜ್ಞನ ವಿಳಾಸ ಕೊಟ್ಟರು. ಮುಳುಗಿದ ಖಾತೆಗಳನ್ನು ಎತ್ತಿ ದಡಕ್ಕೆ ಹಾಕುವುದೇ ಅವನ ಉದ್ಯೋಗ. ಮೀಸೆ ಆಗತಾನೇ ಬಂದು ಇಳಿದಂತಿದ್ದ ಆತ ನನ್ನ ಫೋನನ್ನು ನಾಡಿ ಹಿಡಿದಂತೆ ಹಿಡಿದು, "ಕಾಕಾ, ಅಲ್ಗೋರಿದಮ್ ತುಮ್ಚ್ಯಾವರ್ ನಾರಾಜ್ ಆಹೆ" ಎಂದು ನಿಟ್ಟುಸಿರುಬಿಟ್ಟ. ಅಲ್ಗೋರಿದಮ್ಮಿಗೆ ನನ್ನ ಮೇಲೆ ಮುನಿಸಂತೆ. ಜೋಯಿಸರು ಶನಿಯ ಬಗ್ಗೆ ಹೇಳುವಾಗಿನದೇ ದನಿ. ಆದರೆ ಶನಿ ಪಾಪ, ಎಳ್ಳೆಣ್ಣೆಗೆ ಒಲಿಯುತ್ತಾನೆ. ಈ ಹೊಸ ಗ್ರಹಕ್ಕೆ ನನ್ನ ಮುಖ ಬೇಕಿತ್ತು, ಅದರ ಜೊತೆಗೆ ಕಿರುಚಾಟ, ಹಿನ್ನೆಲೆಗೆ ಯಾವುದೋ ಕುಣಿತದ ಹಾಡು, ಎಲ್ಲಕ್ಕಿಂತ ಮಿಗಿಲಾಗಿ ಜಗಳ. "ಕಾಗೆ ಯಾರಿಗೆ ಬೇಕು? ವಾದ್ ಪಾಹಿಜೆ ಕಾಕಾ, ವಾದ್!"

ವಿಧೇಯನಾಗಿ ನಡೆದುಕೊಂಡೆ. ಸೂರ್ಯ ಏಳುವ ಮುನ್ನವೇ ಎದ್ದು, ಬಾಲ್ಕನಿಯಲ್ಲಿ ಫೋನು ನಿಲ್ಲಿಸಿ, "ನಿಲ್ಲಿ! ಇದನ್ನು ನೋಡದೆ ಮುಂದೆ ಹೋಗಬೇಡಿ!" ಎಂದು ಕೂಗಿದೆ. ಕೆಳಗೆ ಹಾಲಿನ ಚೀಲ ಹಿಡಿದು ಹೋಗುತ್ತಿದ್ದ ಮುದುಕರೊಬ್ಬರು ಗಾಬರಿಯಿಂದ ನಿಂತೇಬಿಟ್ಟರು. ಅವರನ್ನು ಲೆಕ್ಕಿಸದೆ ಘೋಷಿಸಿದೆ: ಧಾರವಾಡದ ಪೇಡೆಯ ಮುಂದೆ ಬೆಳಗಾವಿಯ ಕುಂದಾ ಏನೇನೂ ಅಲ್ಲ.

ಮಧ್ಯಾಹ್ನದೊಳಗೆ ನಾನು ಎಲ್ಲರಿಗೂ ಕಾಣತೊಡಗಿದೆ. ಬೆಳಗಾವಿಯವರು ಮೊದಲು ನನ್ನ ನಾಲಗೆಯನ್ನು, ಅನಂತರ ವಂಶವನ್ನು ವಿಚಾರಿಸಿಕೊಂಡರು. ಧಾರವಾಡದವರು ಅವರ ವಂಶದ ಕಡೆ ತಿರುಗಿದರು. ನಡುವೆ ಪುಣೆಯವರೊಬ್ಬರು ತಮ್ಮೂರಿನ ಕುರುಕಲು ಬಾಕರವಡಿಯ ಪರ ನಿಂತು ಎರಡೂ ಪಕ್ಷಗಳಿಂದ ಬೈಸಿಕೊಂಡರು. ಸಂಕೇತ್ ಫೋನು ಮಾಡಿ ಹರ್ಷಿಸಿದ, ದಿನವೂ ನಸುಕಿಗೆದ್ದು ಹೀಗೇ ಕೂಗಬೇಕೆಂದ; ನಾನೂ ಬಿಡದೆ ಕೂಗಿದೆ. ಒಂದೇ ತೊಡಕೆಂದರೆ ವಿದ್ಯಾಳ ತವರು ಬೆಳಗಾವಿ. ಮನೆಯಲ್ಲಿ ಸಾರಿಗೆ ಉಪ್ಪು ಬೀಳುವುದು ನಿಂತಿತು. ನನಗೆ ಬಂದ ಬೈಗುಳಗಳನ್ನೆಲ್ಲ ಅವಳು ಪ್ರೀತಿಯಿಂದ ಓದುತ್ತಾ ಕೂತಿದ್ದಳು. ಓದುತ್ತಾ ಓದುತ್ತಾ ಮುಖ ಸಣ್ಣದಾಯಿತು.

"ರೀ, ಇದರಾಗ ಸುಶೀಲಾ ಮಾವಶಿದು ಒಂದೂ ಮಾತಿಲ್ಲಲ್ಲ!"

ಮಾವಶಿ ಎಂದರೆ ವಿದ್ಯಾಳ ತಾಯಿಯ ತಂಗಿ. ತಳೇಗಾಂವ ದಾಭಾಡೆಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ನನ್ನ ಪ್ರತಿ ಫೋಟೋದ ಕೆಳಗೂ ಎಲ್ಲರಿಗಿಂತ ಮೊದಲು "ಭಾಳ ಛಂದ ಅಳಿಯಾರ" ಎಂದು ಬರೆಯುತ್ತಿದ್ದವರು. ಅವರೂ ಬೆಳಗಾವಿಯವರೇ, ಕುಂದಾದ ಮಾನ ಹೋಗುವಾಗ ಸುಮ್ಮನಿರುವ ಹೆಂಗಸಲ್ಲ. ಹಿಂದಕ್ಕೆ ಹೋಗಿ ನೋಡಿದರೆ, ಮಿಕ್ಕವರು ಮಾಯವಾಗುವುದಕ್ಕೆ ಬಹಳ ಮುಂಚೆಯೇ ಅವರು ಮಾಯವಾಗಿದ್ದರು. ಹೃದಯಗಳು ಕಡಿಮೆಯಾದದ್ದು ನನಗೆ ಗೊತ್ತಿತ್ತು, ಯಾರವೆಂದು ನೋಡಿರಲಿಲ್ಲ. ಫೋನು ಮಾಡಿದರೆ "ಎಲ್ಲಾ ಆರಾಮ" ಎಂದರು.

"ಸುಳ್ಳು ಹೇಳ್ಲಿಕ್ಕೆ ಹತ್ಯಾಳ. ನಡೀರಿ" ಎಂದಳು ವಿದ್ಯಾ.

ಭಾನುವಾರ ಲೋಕಲ್ ರೈಲು ಹಿಡಿದು ಹೋದೆವು. ಮಾವಶಿಯೇ ಬಾಗಿಲು ತೆಗೆದರು. ಒಂದು ಮೊಳ ದೂರದಲ್ಲಿ ನಿಂತಿದ್ದ ವಿದ್ಯಾಳ ಕಡೆ ಮುಖ ಮಾಡಿ, "ಯಾರವಾ?" ಎಂದರು.

ತಾವು ಎತ್ತಿ ಆಡಿಸಿದ ಮಗುವನ್ನು ಅವರು ಗುರುತಿಸಲಿಲ್ಲ. ವಿದ್ಯಾ ತನ್ನ ಹೆಸರು ಹೇಳಬೇಕಾಯಿತು. ಒಳಗೆ ಅವರು ಗೋಡೆ ಸವರುತ್ತ ನಡೆದರು. ಮಗ ಪೆಚ್ಚಾಗಿ, "ಟೀವಿ ನೋಡೋದು ಬಿಟ್ಟಿದ್ಳು. ಭಕ್ತಿ ಹೆಚ್ಚಾಗೇದ ಅಂತ ತಿಳ್ಕೊಂಡಿದ್ವಿ" ಎಂದ. ಎರಡೂ ಕಣ್ಣಿಗೆ ಪೊರೆ. ಶಸ್ತ್ರಚಿಕಿತ್ಸೆಯ ಹೆದರಿಕೆಗೆ ಯಾರಿಗೂ ಹೇಳಿರಲಿಲ್ಲ.

ಇಂಥ ಹೊತ್ತಿನಲ್ಲೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಮಾವಶಿ, ನನ್ನ ಫೋಟೋ ಒಂದೂ ಕಾಣಲಿಲ್ಲೇನ್ರಿ?"

"ಕಂಡ್ವಲ್ರೀ. ನೀವು ದಿನಾ ಬರೇ ಮಂಜಿನ ಫೋಟೋ ಹಾಕ್ಲಿಕ್ಕೆ ಹತ್ತಿದ್ರಿ. ಎಷ್ಟು ದಿನಾ ಅಂತ ಛಂದ ಅನ್ನಬೇಕು?"

ಆಸ್ಪತ್ರೆಯ ಮಾತೆತ್ತಿದರೆ ಮಾವಶಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಮಗ ಬೇಡಿಕೊಂಡ, ಸೊಸೆ ಅತ್ತಳು. ವಿದ್ಯಾ ಮಾತ್ರ ಫೋನು ತೆಗೆದು ಪೇಡೆ ಪಕ್ಷದವರ ಮಾತುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದಳು. ಕುಂದಾ ಎಂದರೆ ಸೀದ ಹಾಲು ಎಂಬಲ್ಲಿಗೆ ಬಂದಾಗ ಮಾವಶಿ ಎದ್ದು ಕುಳಿತರು.

"ಯಾರಂವಾ ಬರದಾಂವಾ? ಕೊಡಿಲ್ಲೆ ಫೋನು, ನಾ ಬರೀತೀನಿ!"

"ಬರೀಬೇಕಂದ್ರ ಕಾಣಬೇಕಲ್ಲ ಮಾವಶಿ."

ಮಾವಶಿ ಫೋನಿಗೆಂದು ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಕೊನೆಗೆ, "ಭಾಳ ನೋಯಿಸ್ತಾರೇನವಾ?" ಎಂದು ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದರು. ವಿದ್ಯಾ ಅವರ ಕೈ ಹಿಡಿದುಕೊಂಡಳು. ಆಸ್ಪತ್ರೆಯಲ್ಲೂ ಬಿಡಲಿಲ್ಲ.

ಎರಡನೆಯ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮತ್ತೆ ಹೋದೆವು. ಮಾವಶಿ ನನ್ನನ್ನು ಕಿಟಕಿಯ ಬೆಳಕಿಗೆ ಕರೆದು ದಿಟ್ಟಿಸಿದರು. ಕುಂದಾದ ಸೇಡಿಗೆ ಸಿದ್ಧನಾಗಿ ನಿಂತೆ.

"ಅಳಿಯಾರ, ಮಾರಿ ಯಾಕ ಹಿಂಗ ಇಳದದ? ಕಣ್ಣ ಕೆಳಗ ಬಾತದಲ್ರೀ. ನಿದ್ದಿ ಮಾಡ್ತೀರೋ ಇಲ್ಲೋ?"

ವಿದ್ಯಾ ಕೂಡ ಹತ್ತಿರ ಬಂದು ನೋಡಿ "ಹೌದಲ್ರೀ" ಎಂದಳು. ಅದೇ ಮುಖವನ್ನು ಅಷ್ಟೊಂದು ಜನ ಫೋನಿನಲ್ಲಿ ನೋಡಿದ್ದರು. ಅದರ ವಂಶದ ಬಗ್ಗೆ ಮಾತಾಡಿದ್ದರೇ ಹೊರತು ನಿದ್ದೆಯ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ಮಾವಶಿ ನನ್ನ ಫೋನು ಕಸಿದುಕೊಂಡು, ಚಾಪೆ ಹಾಸಿ, ಮಲಗೆಂದರು. ಮಲಗಿದೆ.

ಗೊರಕೆ ಹೊಡೆದೆನಂತೆ. ವಿದ್ಯಾ ಅದನ್ನು ಚಿತ್ರೀಕರಿಸಿ ನನ್ನ ಖಾತೆಗೇ ಏರಿಸಿದಳು. ನನ್ನ ಸಮಗ್ರ ಕೃತಿಗಳಲ್ಲಿ ಎರಡೂ ಪಕ್ಷದವರು ಒಮ್ಮತದಿಂದ ಮೆಚ್ಚಿದ್ದು ಅದೊಂದನ್ನೇ. ನಾನು ಬಾಯಿ ತೆರೆದೂ ಏನನ್ನೂ ಹೇಳದ ವೀಡಿಯೋ ಕೂಡ ಅದೊಂದೇ.