ಕೌದಿಗೆ ನೂಲಿನ ಸೀರೆ ಹುಡುಕಿಕೊಂಡು

ರಾಯಚೂರಿನ ಬಸ್ ನಿಲ್ದಾಣದಲ್ಲಿ ಅವತ್ತು ನಾವು ಮೂವರಿದ್ದೆವು. ನಾನು, ನನ್ನ ತಾಯಿಯ ತಂಗಿ ತಿಮ್ಮವ್ವ ಚಿಗವ್ವ, ಮತ್ತು ನಮ್ಮ ಓಣಿಯಲ್ಲಿ ಬಟ್ಟೆ ಹೊಲಿಯುವ ರಜಿಯಾ ಆಪಾ. ಪುಷ್ಯ ಮಾಸದ ಬೆಳಗು, ಏಳು ಗಂಟೆ. ಚಳಿಯೆಂದರೆ ನಮ್ಮ ಕಡೆಯ ಚಳಿ, ಒಂಬತ್ತಕ್ಕೆಲ್ಲ ಮರೆತುಹೋಗುವಂಥದ್ದು. ಚಿಗವ್ವನ ಕೈಯಲ್ಲಿ ಖಾಲಿ ಚೀಲವಿತ್ತು, ನನ್ನ ಕೈಯಲ್ಲಿ ನೀರಿನ ಬಾಟಲಿ, ಆಪಾನ ಕೈಯಲ್ಲಿ ಬೆಂಕಿಪೊಟ್ಟಣ.

ಚಿಗವ್ವನ ಮೊಮ್ಮಗಳು ಹಡೆದಿದ್ದಳು. ಇನ್ನು ಹನ್ನೊಂದು ದಿನಕ್ಕೆ ತೊಟ್ಟಿಲು. ತೊಟ್ಟಿಲಿಗೆ ತವರಿನ ಕೌದಿ ಹಾಸಬೇಕೆಂಬುದು ನಮ್ಮಲ್ಲಿ ನಡೆದುಬಂದ ರೀತಿ. ಅದು ಮನೆಯ ಹಿರಿಯ ಹೆಂಗಸಿನ ಕೈಹೊಲಿಗೆಯಾಗಬೇಕು, ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆಯದಾಗಬೇಕು. ನಾನೂ ಚಿಗವ್ವನ ಕೌದಿಯಲ್ಲೇ ಬೆಳೆದವಳು. ಈ ಸಲ ಅವಳು ಸೂಜಿಗೆ ದಾರ ಪೋಣಿಸಿಕೊಂಡು ಕೂತಾಗ ಮನೆಯಲ್ಲಿ ಒಂದೂ ನೂಲಿನ ಸೀರೆ ಸಿಗಲಿಲ್ಲ. ಮಗಳ ಕಪಾಟು, ಸೊಸೆಯ ಕಪಾಟು, ನನ್ನ ಕಪಾಟು, ಎಲ್ಲವೂ ಮಿರಿಮಿರಿ ಮಿಂಚುವ ಸೀರೆಗಳೇ.

"ಇವಕ್ಕ ಹೊಲಿಗಿ ನಿಲ್ಲಂಗಿಲ್ಲ, ಕೂಸಿನ ಉಚ್ಚಿ ಹೀರಂಗಿಲ್ಲ," ಎಂದಳು ಚಿಗವ್ವ. "ತಪ್ಪು ನಂದ. ಹದಿನಾರು ಕಂಟ್ರೋಲ್ ಸೀರಿ ಇದ್ವು. ಪಾತ್ರಿ ಮಾರಾವ ಬಂದಾಗ ಅಷ್ಟೂ ಕೊಟ್ಟು ಒಂದು ಸ್ಟೀಲಿನ ಡಬ್ಬಿ ತಗೊಂಡೆ. ಡಬ್ಬಿ ಹೊಳಿತಿತ್ತು, ಏನ್ ಮಾಡಲಿ."

ಕಂಟ್ರೋಲ್ ಸೀರೆ ಎಂದರೆ ಇಂದಿನ ಮಕ್ಕಳಿಗೆ ತಿಳಿಯದು. ಒಂದು ಕಾಲಕ್ಕೆ ಸರಕಾರವೇ ಮಗ್ಗದವರಿಗೆ ನೂಲು ಕೊಟ್ಟು, ನೇಯಿಸಿ, ರೇಷನ್ ಕಾರ್ಡಿನ ಮೇಲೆ ಅಗ್ಗಕ್ಕೆ ಮಾರುತ್ತಿದ್ದ ಸೀರೆ ಅದು. ಹಸಿರು ಚೌಕಡಿ, ಇಲ್ಲವೆ ಕೆಂಪು ಚೌಕಡಿ. ಊರಿಗೆ ಊರೇ ಅದನ್ನುಟ್ಟಿರುತ್ತಿತ್ತು. ನಾನು ಸಣ್ಣವಳಿದ್ದಾಗ ಮಾನ್ವಿ ಸಂತೆಯಲ್ಲಿ ಅವ್ವನೆಂದು ಯಾರದೋ ಸೆರಗು ಹಿಡಿದು ಊರ ಹೊರಗಿನವರೆಗೂ ನಡೆದುಹೋಗಿದ್ದೆ. ಆ ಹೆಂಗಸು ತಿರುಗಿ ನೋಡಿ, "ಯವ್ವಾ, ನೀ ಯಾರಾಕೀ ಬೇ?" ಎಂದಾಗಲೇ ನನಗೆ ಗೊತ್ತಾಗಿದ್ದು.

ಬಸ್ಸಿನಲ್ಲಿ ಕಂಡಕ್ಟರು ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಮೂರು ಟಿಕೆಟ್ಟು ಹರಿದು ಕೊಟ್ಟ. ಚಿಗವ್ವ ಅದನ್ನು ತಿರುವಿ ತಿರುವಿ ನೋಡಿದಳು. "ಆಗ ಸೀರಿ ಸರಕಾರದ್ದು, ಬಸ್ಸಿಗೆ ರೊಕ್ಕ. ಈಗ ಬಸ್ಸು ಸರಕಾರದ್ದು, ಸೀರಿಗೆ ರೊಕ್ಕ," ಎಂದಳು. ಮುಂದಿನ ಸೀಟಿನವರು ನಕ್ಕರು. ಎದುರಿನಿಂದ ಹತ್ತಿ ಹೇರಿದ ಲಾರಿಗಳು ಒಂದರ ಹಿಂದೊಂದು ರಾಯಚೂರಿನ ಕಡೆಗೆ ಬರುತ್ತಿದ್ದವು. ದಾರಿಯುದ್ದಕ್ಕೂ ಜಾಲಿ ಮುಳ್ಳಿಗೆ ಬಿಳಿ ಅರಳೆ ಸಿಕ್ಕಿಕೊಂಡಿತ್ತು.

"ನೋಡ್ರಿ ತಮಾಷಾ," ಎಂದಳು ಆಪಾ. "ಹತ್ತಿ ಊರ ತುಂಬ ಅದ, ನೂಲಿನ ಸೀರಿ ಹುಡಕ್ಕೊಂತ ಮೂರು ಮಂದಿ ಹೊಂಟೀವಿ."

ಮೊದಲು ಕಲ್ಲೂರಿನಲ್ಲಿ ಇಳಿದೆವು. ಅಲ್ಲಿ ಚಿಗವ್ವನ ನಾದಿನಿ ನಾಗಮ್ಮನ ಮನೆ. ಆಕೆ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿ, ಆಮೇಲೆ ಟ್ರಂಕು ತೆರೆದು ಸೀರೆಗಳನ್ನು ಒಂದೊಂದಾಗಿ ಹಾಸಿಗೆಯ ಮೇಲೆ ಹರವಿದಳು. ನೋಡಲು ಚೆಂದವೇ ಇದ್ದವು. ನವಿಲು ಬಣ್ಣ, ಕನಕಾಂಬರಿ, ಈರುಳ್ಳಿ ಸಿಪ್ಪೆಯ ಬಣ್ಣ. ಆಪಾ ಒಂದೊಂದರ ಅಂಚಿನಿಂದ ಎಳೆಯೊಂದನ್ನು ಕಿತ್ತು ಕಡ್ಡಿ ಗೀರಿ ಹಚ್ಚಿದಳು. ನೂಲಾದರೆ ಕಾಗದದ ಹಾಗೆ ಉರಿದು ಬೂದಿಯಾಗಬೇಕು. ಇವೆಲ್ಲ ಕರಗಿ, ತುದಿಯಲ್ಲಿ ಗಟ್ಟಿ ಕರಿಮಣಿಯಾದವು.

"ಇಷ್ಟು ಮಣಿ ಆದ್ವು, ಇನ್ನೊಂದು ತಾಳಿ ಪೋಣಿಸಬಹುದು," ಎಂದಳು ನಾಗಮ್ಮ. ಆಮೇಲೆ ದನಿ ತಗ್ಗಿಸಿ, "ಆದ್ರ ನಾ ಸುಳ್ಳು ಹೇಳಂಗಿಲ್ಲ ತಿಮ್ಮಕ್ಕ. ಮೊದಲನೇ ಸಲ ಕೆಂಪು ಚೌಕಡಿ ಬಿಟ್ಟು ಈ ನವಿಲು ಬಣ್ಣದ್ದು ಉಟ್ಟಾಗ, ಕನ್ನಡಿ ಮುಂದಿಂದ ಸರೀಲೇ ಇಲ್ಲ," ಎಂದಳು. ಚಿಗವ್ವ ಅವಳ ಗಲ್ಲ ತಟ್ಟಿದಳು.

ಮಾನ್ವಿ ತಲುಪಿದಾಗ ಹನ್ನೊಂದೂವರೆ. ಬಿಸಿಲು ಚುರುಗುಟ್ಟುತ್ತಿತ್ತು. ದೊಡ್ಡದೊಂದು ಸೀರೆ ಅಂಗಡಿ ಹೊಕ್ಕೆವು. ಆಪಾ ಬೆಂಕಿಪೊಟ್ಟಣ ತೆಗೆದದ್ದೇ ತಡ, ಅಂಗಡಿಯ ಹುಡುಗಿ ಹೌಹಾರಿ ಮಾಲೀಕರನ್ನು ಕರೆದಳು. ಮಾಲೀಕರು ಎಂಬತ್ತರ ಸಮೀಪದವರು, ಹಣೆಯಲ್ಲಿ ಅಂಗಾರ ಅಕ್ಷತೆ. ಸಂಗತಿ ಕೇಳಿ ನಕ್ಕು, ನಮಗೆ ಕುರ್ಚಿ ಹಾಕಿಸಿದರು. ಅವರೂ ಹಿಂದೆ ಕಂಟ್ರೋಲ್ ಅಂಗಡಿ ನಡೆಸಿದವರಂತೆ.

"ಆಗ ನಾನು ಸೀರಿ ತೋರಸತಿದ್ದಿಲ್ಲರೀ, ಎಣಿಸಿ ಕೊಡತಿದ್ದೆ ಅಷ್ಟ. ಯಾರೂ ಚೌಕಾಸಿ ಮಾಡತಿದ್ದಿಲ್ಲ, ಯಾರ ಮುಖದಾಗೂ ಖುಷಿನೂ ಇರತಿದ್ದಿಲ್ಲ. ಈಗ ಒಬ್ಬಾಕಿಗೆ ನೂರು ತೋರಸತೀನಿ, ಬ್ಯಾಡ ಅಂತ ಎದ್ದು ಹೋಗತಾಳ. ಹೋಗೋವಾಗ ನಕ್ಕೋತ ಹೋಗತಾಳ," ಎಂದರು.

ಅವರ ಬಳಿ ಹೊಸ ನೂಲಿನ ಸೀರೆ ಇತ್ತು. ಅಗ್ಗದ್ದೇ ಒಂಬೈನೂರು ರೂಪಾಯಿ. ನಾನು ಕೊಳ್ಳಲು ಹೊರಟರೆ ಚಿಗವ್ವ ಕೈ ಹಿಡಿದಳು. "ಹೊಸಾದು ಕೂಸಿಗೆ ಚುಚ್ಚತದ. ಮೈ ಉಂಡ ಬಟ್ಟಿ ಬೇಕು." ಮಾಲೀಕರು ದೇವದುರ್ಗದ ಹನುಮಂತಪ್ಪನೆಂಬ ನೇಕಾರನ ಹೆಸರು ಹೇಳಿದರು. "ಅವನ ಹೆಂಡತಿ ಈರಮ್ಮ ಇನ್ನೂ ಗಂಡ ನೇಯ್ದಿದ್ದನ್ನ ಉಡತಾಳ. ಕೊಡತಾಳೋ ಇಲ್ಲೋ ನಾ ಹೇಳಲಾರೆ."

ಬಸ್ ನಿಲ್ದಾಣದ ಎದುರು ಒಗ್ಗರಣಿ ಮಿರ್ಚಿ ತಿಂದು, ಸಿರವಾರದ ಮೇಲೆ ಹೋಗುವ ಬಸ್ಸು ಹತ್ತಿದೆವು. ಸಿರವಾರ ದಾಟಿದ ಮೇಲೆ ಚಿಗವ್ವ, "ನಲವತ್ತು ಕೂಸಿಗೆ ಹೊಲ್ದೀನಿ. ನನ್ನ ಸ್ವಂತ ಮರಿಮಗನಿಗೆ ಅಂಗಡೀ ರಗ್ಗು ಹಾಸಬೇಕೇನ ಬೇ?" ಎಂದಳು.

ಹನುಮಂತಪ್ಪನ ಮನೆ ದೇವದುರ್ಗದಲ್ಲಿ ಕೇಳಿದ ತಕ್ಷಣ ಸಿಕ್ಕಿತು. ಪಡಸಾಲೆಯ ನೆಲದಲ್ಲಿ ಒಂದು ಕಡೆ ಸಿಮೆಂಟಿನ ಬಣ್ಣ ಬೇರೆ ಇತ್ತು. ಮೊದಲು ಅಲ್ಲಿ ಮಗ್ಗದ ಕುಣಿ ಇತ್ತಂತೆ. ಈಗ ಅದರ ಮೇಲೆ ತಂಪು ಪಾನೀಯದ ಫ್ರಿಜ್ಜು ನಿಂತು ಗುಂಯ್‌ಗುಡುತ್ತಿತ್ತು. ನಮಗೆಲ್ಲ ಒಂದೊಂದು ಸೋಡಾ ಕೊಟ್ಟು ಹನುಮಂತಪ್ಪ ಹೇಳಿದ: "ಸರಕಾರ ನೂಲು ಕೊಡತಿತ್ತು, ಸೀರಿ ಒಯ್ಯತಿತ್ತು. ಒಂದಿನ ನೂಲೂ ಬರಲಿಲ್ಲ, ಒಯ್ಯಾವ್ರೂ ಬರಲಿಲ್ಲ. ಇನ್ನ ನಿಮ್ಮ ಗಿರಾಕಿ ನೀವ ಹುಡಕ್ಕೋರಿ ಅಂದ್ರು. ನಮಗ ನೇಯಾಕ ಬರತಿತ್ತು, ಹುಡುಕಾಕ ಬರತಿದ್ದಿಲ್ಲ."

"ಸಂಕಟ ಆತೇನಣ್ಣ?" ಎಂದೆ.

"ಆತು. ಆದ್ರ ಹದಿನಾಕು ವರ್ಷ ಒಂದ ಚೌಕಡಿ ನೇಯ್ದೀನ್ರಿ. ಕನಸಿನ್ಯಾಗೂ ಅದ ಹಸರು ಚೌಕಡಿ. ಮಗ್ಗ ಬಿಚ್ಚಿದ ದಿನ ಚೊಲೋ ನಿದ್ದಿ ಬಂತು. ಅದಕ್ಕ ಈಕಿ ಇನ್ನೂ ಬೈತಾಳ."

ಈರಮ್ಮ ಒಳಗಿನಿಂದ ಬಂದಳು. ಉಟ್ಟದ್ದು ಹಸಿರು ಚೌಕಡಿಯೇ, ಮಾಸಿ ಬೆಳ್ಳಗಾಗಿತ್ತು. ಚಿಗವ್ವ ತನ್ನ ಡಬ್ಬಿಯ ಕಥೆ ಸಮೇತ ಎಲ್ಲವನ್ನೂ ಹೇಳಿದಳು. ಈರಮ್ಮ ಕೇಳಿಸಿಕೊಂಡಳು. "ಮೂರ ಉಳದಾವು ಅಕ್ಕ. ಮಾಲು ಒಯ್ಯಾಕ ಯಾರೂ ಬರದ ಉಳದಿದ್ವು. ಇವು ಹೋದ್ರ ಮತ್ತ ಹುಟ್ಟಂಗಿಲ್ಲ," ಎಂದು ಒಳಗೆ ಹೋದಳು. ನಾವು ಎದ್ದೆವು. ಹೋಗೋಣವೆನ್ನುವ ಹಾಗೆ ಚಿಗವ್ವ ಖಾಲಿ ಚೀಲ ಮಡಚಿದಳು.

ಅಷ್ಟರಲ್ಲಿ ಈರಮ್ಮ ಉಟ್ಟು ಉಟ್ಟು ಮೆತ್ತಗಾದ ಒಂದು ಸೀರೆ ತಂದು ಚಿಗವ್ವನ ಕೈಯಲ್ಲಿಟ್ಟಳು. "ಉಟ್ಟು ಹರದು ಹೋಗೋದು ಹೆಂಗೂ ಹೋಗತದ. ಕೂಸಿನ ಕೆಳಗಾದ್ರೂ ಇರಲಿ. ಆದ್ರ ಇಲ್ಲೇ ಹರೀರಿ. ಹರಿಯೋ ಸಪ್ಪಳ ಒಮ್ಮೆ ಕೇಳಿಬಿಡತೀನಿ."

ಆಪಾ ಕತ್ತರಿ ತೆಗೆದಳು. ಹನುಮಂತಪ್ಪ ಬೇಡವೆಂದು ಕೈಯಾಡಿಸಿ ಸೀರೆ ತೆಗೆದುಕೊಂಡ. ಹೆಬ್ಬೆರಳಿನಿಂದ ಅಂಚು ತಡವುತ್ತ ಹೋಗಿ ಒಂದು ಕಡೆ ನಿಂತ, ಹಲ್ಲಿನಿಂದ ಕಚ್ಚಿದ, ಎರಡೂ ಕೈಯಿಂದ ಎಳೆದ. ಸೀರೆ ಈ ಅಂಚಿನಿಂದ ಆ ಅಂಚಿಗೆ ಗೆರೆ ಎಳೆದಂತೆ ನೇರವಾಗಿ ಹರಿಯಿತು. ಒಂದು ಎಳೆಯೂ ಜೋಲಲಿಲ್ಲ. ಹಾಗೆ ನಾಲ್ಕು ತುಂಡು ಮಾಡಿ, ಮಡಚಿ, ಚಿಗವ್ವನ ಚೀಲದಲ್ಲಿ ತಾನೇ ಇಟ್ಟ. ಈರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಚಿಗವ್ವ ಅವಳ ಕೈ ಹಿಡಿದುಕೊಂಡು, "ತೊಟ್ಟಿಲಿಗೆ ನೀ ಬರಬೇಕು ಯವ್ವಾ," ಎಂದಳು. ಕಡ್ಡಿ ಗೀರುವ ಪ್ರಸಂಗವೇ ಬರಲಿಲ್ಲ.

ರಾಯಚೂರಿಗೆ ಮರಳಿದಾಗ ಸಂಜೆ ಏಳಾಗಿತ್ತು. ಬಸ್ಸಿನಲ್ಲೇ ಚಿಗವ್ವ ಸೂಜಿಗೆ ದಾರ ಪೋಣಿಸಲು ನೋಡಿದಳು, ರಸ್ತೆ ಬಿಡಲಿಲ್ಲ.

ತೊಟ್ಟಿಲ ದಿನ ಈರಮ್ಮ ಒಬ್ಬಳೇ ಬಂದಳು. ಉಟ್ಟದ್ದು ಕಿತ್ತಳೆ ಬಣ್ಣದ, ಜರಿ ಹೊಳೆಯುವ ಹೊಸ ಸೀರೆ. "ಕಾರ್ಯಕ್ಕ ಬರೋವಾಗ ಹಳೇದು ಉಟಗೊಂಡು ಬರತಾರೇನು?" ಎಂದಳು. ಕೂಸನ್ನು ಕೌದಿಯ ಮೇಲೆ ಮಲಗಿಸಿದೆವು. ಜೋಗುಳ ಮುಗಿಯುವ ಮೊದಲೇ ಕೌದಿ ಒದ್ದೆಯಾಯಿತು. ಈರಮ್ಮ ಯಾರಿಗೂ ಬಿಡದೆ ತಾನೇ ಅದನ್ನು ಒಯ್ದು, ತೊಳೆದು, ಹಿಂಡಿ, ಮಾಳಿಗೆಯ ಮೇಲೆ ಹರವಿದಳು. ದೇವದುರ್ಗದ ಬಸ್ಸಿಗೆ ಅವಳು ಹೊರಡುವ ಹೊತ್ತಿಗೆ ಅದು ಒಣಗಿತ್ತು.