ಬಣ್ಣದ ಕೆಳಗಿನ ಏಳನೇ ಸ್ವಿಚ್ಚು

ಆ ಬೋರ್ಡಿನ ಬಣ್ಣ ನೆನಪಾದರೆ ಈಗಲೂ ಮೈ ಉರಿಯುತ್ತದೆ. ಬೂದು ಬಣ್ಣದ ಆಯಿಲ್ ಪೇಂಟು. ಹನ್ನೆರಡು ಸ್ವಿಚ್ಚುಗಳ ಕೆಳಗೆ ನಾನೇ ಅಂಟಿಸಿದ್ದ ಹನ್ನೆರಡು ಚೀಟಿಗಳ ಮೇಲೆ ಎರಡೆರಡು ಸಲ ಬ್ರಶ್ ಆಡಿಸಿ, ಅದರ ಮೇಲೆ ಅರಿಷಿಣ ಕುಂಕುಮದ ಬೊಟ್ಟು ಇಟ್ಟಿದ್ದರು.

ಅದು ಅಕ್ಕಲಕೋಟೆಯ ಒಂದು ಮಂಗಲ ಕಾರ್ಯಾಲಯ, ಮದುವೆಗೆ ಬಾಡಿಗೆ ಕೊಡುವ ಕಟ್ಟಡ. ಸೋಲಾಪುರದಲ್ಲಿ ಇಂಜಿನಿಯರಿಂಗ್ ಓದಿದ ನಾನು ಸುತ್ತಲಿನ ಇಂಥ ಕಟ್ಟಡಗಳ ವಿದ್ಯುತ್ ತಪಾಸಣೆ ಮಾಡಿಕೊಂಡಿದ್ದೇನೆ. ಎರಡು ವರ್ಷದ ಹಿಂದೆ ಮೊದಲ ಸಲ ಹೋದಾಗ ಆ ಬೋರ್ಡಿನ ಮೇಲೆ ಒಂದಕ್ಷರವೂ ಇರಲಿಲ್ಲ. ಯಾವ ಸ್ವಿಚ್ಚು ಯಾವುದರದು ಎಂದು ಕೇಳಿದರೆ ಮಾಲಕರು, "ನಮ್ಮ ವಾಯರಮನ್‌ಗ ಎಲ್ಲಾ ಬಾಯಿಪಾಠ ಐತ್ರಿ" ಎಂದಿದ್ದರು. ಬಾಯಿಪಾಠ ಮಾಡಿದವನು ಪುಣೆ ಸೇರಿ ಆಗಲೇ ಬಹಳ ದಿನವಾಗಿತ್ತು. ಒಂದೊಂದೇ ಸ್ವಿಚ್ಚು ಇಳಿಸಿ, ಎಲ್ಲಿ ಏನು ಆರಿತು ಎಂದು ಕೋಣೆ ಕೋಣೆ ಓಡಾಡಿ ನೋಡಿ, ಚೀಟಿ ಬರೆದು ಅಂಟಿಸಿ ಬಂದಿದ್ದೆ.

ಈ ಸಲ ಕರೆದದ್ದು ಅಡುಗೆಮನೆಯ ಗ್ರೈಂಡರಿಗಾಗಿ. ಅದರ ಗುಂಡಿ ಆರಿಸಿದ್ದರೂ ಮುಟ್ಟಿದರೆ ಝುಮ್ಮೆನ್ನುತ್ತಿತ್ತು.

"ಚೀಟಿ ಎಲ್ಲಿ ಹೋದುವ್ರಿ?" ಎಂದೆ.

"ಖಂಡೇನವಮಿ ಬಂತಲ್ರಿ ಸಾಹೇಬ್ರ. ಧೂಳ ಹಿಡದ ಬೋರ್ಡಿಗಿ ಪೂಜಾ ಹ್ಯಾಂಗ ಮಾಡೂದು? ಪ್ರತಿವರ್ಷ ಬಣ್ಣ ಹಚ್ಚಿ ಪೂಜಾ ಮಾಡ್ತೀವಿ."

"ಅಕ್ಷರ ಬಿಟ್ಟು ಹಚ್ಚಬೇಕಿತ್ತು."

"ಪೇಂಟರಗ ಗ್ವಾಡಿನೂ ಒಂದ, ಬೋರ್ಡೂ ಒಂದ" ಎಂದು ಮಾಲಕರು ನಕ್ಕರು.

ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. ಆಯುಧಪೂಜೆಯೆಂದು ಯಂತ್ರಕ್ಕೆ ಕೈ ಮುಗಿಯುತ್ತಾರೆ, ಯಂತ್ರ ಮುಟ್ಟುವವರ ಜೀವ ಉಳಿಸುವ ಅಕ್ಷರಕ್ಕೆ ಬಣ್ಣ ಬಳಿಯುತ್ತಾರೆ ಎಂದು ಒಳಗೇ ಬೈದುಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಹೋದೆ.

ಒಳಗೆ ಅಡುಗೆಯ ಹೆಂಗಸು ಇದ್ದರು, ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವವರು. ಮಂದ್ರೂಪ ಕಡೆಯವರು, ಐವತ್ತರ ಆಸುಪಾಸು. ಅನ್ನದ ಜಾಗದಲ್ಲಿ ಚಪ್ಪಲಿ ಮೆಟ್ಟುವ ಹಾಗಿಲ್ಲವಾದ್ದರಿಂದ ಅವರು ಗ್ರೈಂಡರಿನ ಮುಂದೆ ಒಂದು ಒಣ ಹಲಗೆ ಹಾಕಿಕೊಂಡು ಅದರ ಮೇಲೆ ನಿಂತು ರುಬ್ಬುತ್ತಿದ್ದರು. ನನ್ನನ್ನು ಕಂಡು ಗುಂಡಿ ಒತ್ತಿ ಯಂತ್ರ ನಿಲ್ಲಿಸಿ, "ನೀವು ಬರೂತನಕ ಈ ಹಲಗೀನ ನಮ್ಮ ಇಂಜಿನಿಯರ್ರಿ" ಎಂದರು.

ಯಂತ್ರ ಬಿಚ್ಚಬೇಕಾದರೆ ಅದರೊಳಗಿನ ಬೇಳೆಹಿಟ್ಟು ತೆಗೆಯಬೇಕಿತ್ತು. ಏಳನೇ ಸ್ವಿಚ್ಚು ಅಡುಗೆಮನೆಯದು ಎಂದು ನನಗೆ ನೆನಪಿತ್ತು. ಅಲ್ಲ, ನೆನಪಿದೆ ಎಂದು ಖಾತ್ರಿಯಿತ್ತು. ಬೋರ್ಡು ಬಾಗಿಲ ಪಕ್ಕದಲ್ಲೇ. ಏಳನ್ನು ಇಳಿಸಿದೆ. ಒಳಗೆ ಫ್ಯಾನು ನಿಂತಿತು.

"ಬಂದ್ ಮಾಡೀನ್ರಿ ಮಾವಶಿ. ಹಿಟ್ಟು ತೆಗೀರಿ."

"ಖರೇನ ಬಂದ್ ಆಗೇತೇನ್ರಿ?"

"ಫ್ಯಾನ್ ನಿಂತದ್ದ ಕಾಣವಲ್ದೇನು? ಹಲಗಿ ಸರಸ್ರಿ, ಅದರ ಮ್ಯಾಲ ನಿಂತ್ರ ತಳದ ತನಕ ಕೈ ನಿಲುಕಂಗಿಲ್ಲ."

ನಾನೇ ಒಳಗೆ ಹೋಗಿ ಟೆಸ್ಟರ್ ಹಚ್ಚಿ ನೋಡಬೇಕಿತ್ತು. ಯಾವ ಸ್ವಿಚ್ಚು ಇಳಿಸಿದರೂ, ಕೈ ಇಡುವ ಜಾಗದಲ್ಲೇ ಕರೆಂಟ್ ಇಲ್ಲವೆಂದು ನೋಡಿಕೊಳ್ಳದೆ ಮುಟ್ಟಬಾರದು. ಹೊಸಬರಿಗೆ ನಾನು ಹೇಳಿಕೊಡುವ ಮೊದಲ ಮಾತು ಇದು. ಆದರೆ ಒಳಗೆ ಹೋಗಲು ಬೂಟಿನ ಲೇಸು ಬಿಚ್ಚಬೇಕು. ಟೆಸ್ಟರ್ ಜೇಬಿನಲ್ಲೇ ಇತ್ತು. ನಾನು ಬಾಗಿಲಲ್ಲೇ ಇದ್ದೆ. ಅವರು ಹಲಗೆ ಸರಿಸಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಯಂತ್ರದ ಅಂಚು ಹಿಡಿದರು.

ಅವರು ಕೂಗಲಿಲ್ಲ. ಅದು ಖಚಿತ. ಆಮೇಲಿನದು ಖಚಿತವಿಲ್ಲ. ನಾನು ಮೇನ್ ಇಳಿಸಿದೆ ಎಂದು ನನ್ನ ನೆನಪು. ಇಳಿಸಿದ್ದು ತಾವು ಎಂದು ಮಾಲಕರು ಹೇಳುತ್ತಾರೆ. ಇಬ್ಬರಲ್ಲಿ ಒಬ್ಬರು ಸುಮ್ಮನೆ ನಿಂತಿದ್ದೆವು. ಅದು ನಾನೇ ಇದ್ದರೂ ಇರಬಹುದು.

ಸೋಲಾಪುರದ ಆಸ್ಪತ್ರೆಯಲ್ಲಿ ಮಾವಶಿಯ ಜೀವ ಉಳಿಯಿತು. ಬಲಗೈಯ ಅಂಗೈ ಸುಟ್ಟು ಎರಡು ಬೆರಳು ಮಡಚದಂತಾದವು. ಹೋಳಿಗೆ ತಟ್ಟುವ ಕೈ ಅದು.

ಮುಂದಿನ ದಿನಗಳಲ್ಲಿ ಡೈರಿಯ ಪುಟಗಳನ್ನು ಬೈಗುಳದಿಂದ ತುಂಬಿದೆ. ಮಾಲಕರು, ಪೇಂಟರು, ಪುಣೆ ಸೇರಿದ ವಾಯರಮನ್, ಯಾರನ್ನೂ ಬಿಡಲಿಲ್ಲ. ತಪಾಸಣೆಯನ್ನು ನಾನು ಸರಿಯಾಗಿಯೇ ಮಾಡಿದ್ದೆ, ಅವರು ಅಳಿಸಿದರು ಎಂದು ಬರೆದೆ. ಹಾಗೆ ಬರೆದ ಮೇಲೆ, ಅದಕ್ಕೆ ಸಾಕ್ಷಿ ಇರಲಿ ಎಂದು, ಎರಡು ವರ್ಷದ ಹಿಂದಿನ ಡೈರಿ ತೆಗೆದೆ. ಅದರಲ್ಲಿ ಹೀಗಿತ್ತು: "ಏಳು, ಅಡುಗೆಮನೆಯ ಫ್ಯಾನು, ದೀಪ. ಗ್ರೈಂಡರ್ ಯಾವುದರಲ್ಲಿದೆ ಸಿಗಲಿಲ್ಲ. ಮದುವೆಯವರು ಬಂದುಬಿಟ್ಟರು. ಮತ್ತೆ ನೋಡಬೇಕು."

ಕೈಬರಹ ನನ್ನದೇ. ಆ ಸಾಲು ಬರೆದದ್ದು ಮಾತ್ರ ಇಂದಿಗೂ ನೆನಪಿಲ್ಲ.

ಮರುದಿನವೇ ಅಕ್ಕಲಕೋಟೆಗೆ ಹೋಗಿ ಏಳನೆಯದರ ಕೆಳಗಿನ ಬಣ್ಣವನ್ನು ಬ್ಲೇಡಿನಿಂದ ಕೆರೆದೆ. ಚೀಟಿಯ ಮೇಲೆ ಮರಾಠಿಯಲ್ಲಿ 'ಸ್ವಯಂಪಾಕಘರ' ಎಂದಷ್ಟೇ ಬರೆದಿದ್ದೆ, ಅಡುಗೆಮನೆ ಪೂರ್ತಿ ಅದರದೇ ಎನ್ನುವ ಹಾಗೆ. ಬಣ್ಣ ಬಳಿಯದೆ ಇದ್ದಿದ್ದರೂ ನಾನು ಏಳನ್ನೇ ಇಳಿಸುತ್ತಿದ್ದೆ.

"ಅಂದ್ರ ನಮ್ಮ ಬಣ್ಣದ್ದೇನೂ ತಪ್ಪಿಲ್ಲಂದಂಗಾತು" ಎಂದರು ಮಾಲಕರು.

ಆ ಮಾತಿಗೆ ಇನ್ನಷ್ಟು ಸಿಟ್ಟು ಬಂತು. ಹನ್ನೆರಡನ್ನೂ ಮೊದಲಿನಿಂದ ಹುಡುಕಿದೆ. ಗ್ರೈಂಡರಿಗೆ ಕರೆಂಟ್ ನಿಂತದ್ದು ಹನ್ನೊಂದನೇ ಸ್ವಿಚ್ಚು ಇಳಿಸಿದಾಗ. ಅದು ಮದುವೆಯ ವೇದಿಕೆಯ ದೀಪಗಳದು. ಗೋಡೆಯ ಆಚೆಗೇ ವೇದಿಕೆ, ಯಾರೋ ತೂತು ಕೊರೆದು ವಾಯರ್ ಎಳೆದಿದ್ದರು. ಅರ್ಥಿಂಗ್ ತಂತಿ ಕಿತ್ತು ಹೋಗಿತ್ತು. ಸರಿಮಾಡಿದೆ. ಚೀಟಿಯ ಬದಲು ಉಕ್ಕಿನ ಪಟ್ಟಿಗಳಲ್ಲಿ ಅಕ್ಷರ ಕೊರೆಸಿ ಕೂರಿಸಿದೆ.

ತಿಂಗಳು ಕಳೆದು ಮಾವಶಿ ಕೆಲಸಕ್ಕೆ ಬಂದ ದಿನ ಮತ್ತೆ ಹೋದೆ. ತಪ್ಪು ನನ್ನದು ಎಂದೆ.

"ಅದು ಅವತ್ತ ಗೊತ್ತಿತ್ರಿ. ಫ್ಯಾನ್ ತೋರ್ಸಿ ನನ್ನ ಕೈ ಗ್ರೈಂಡರಿಗಿ ಹಚ್ಚಿದ್ರಿ."

ಹನ್ನೊಂದನ್ನು ಇಳಿಸಿದೆ. ಈ ಸಲ ಬೂಟು ಬಿಚ್ಚಿ ಒಳಗೆ ಹೋಗಿ, ಟೆಸ್ಟರ್ ಹಚ್ಚಿ ತೋರಿಸಿದೆ. ಅವರು ಅದರ ಕಡೆ ನೋಡಲೂ ಇಲ್ಲ.

"ಪಿನ್ ತೆಗೀರಿ" ಎಂದರು. ಗ್ರೈಂಡರಿನ ವಾಯರಿನ ತುದಿಯ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕೆಳಗೆ ಬಿಟ್ಟೆ.

"ಅಲ್ಲಲ್ಲ, ನನ್ನ ಕೈಯಾಗ ಕೊಡ್ರಿ."

ಅವರು ಹಲಗೆಯ ಮೇಲೆ ಕುಳಿತು, ಮಡಚದ ಬೆರಳುಗಳ ಆ ಬಲಗೈಗೆ ಎಡಗೈ ಆಸರೆ ಕೊಟ್ಟು ಪಿನ್ನನ್ನು ಮಡಿಲಲ್ಲಿ ಹಿಡಿದುಕೊಂಡರು.

"ಈಗ ಹಿಟ್ಟು ನೀವ ತೆಗೀರಿ" ಎಂದರು.

ನಾನು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಯಂತ್ರದೊಳಕ್ಕೆ ಕೈ ಹಾಕಿದೆ.